ಸಂಬಳ ಎಷ್ಟಮ್ಮ?

ಮೊನ್ನೆ ಭಾನುವಾರ ಬೆಳಿಗ್ಗೆ, ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ, ಎದುರುಮನೆಯ ಹುಡುಗಿ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದಳು. ನಾಲ್ಕು ವರ್ಷ ಫ್ಯಾಷನ್ ಡಿಸೈನ್ ಓದಿದವಳು. ಪರೀಕ್ಷೆಯ ದಿನಗಳಲ್ಲಿ ಅವಳ ಕೋಣೆಯ ದೀಪ ರಾತ್ರಿ ಎರಡು ಗಂಟೆಯವರೆಗೆ ಉರಿಯುವುದನ್ನು ನಮ್ಮ ಜಗುಲಿಯಿಂದ ಎಷ್ಟೋ ಸಲ ನೋಡಿದ್ದೇನೆ. ಮುಂಬೈಯಲ್ಲಿ ಹೆಸರಾದ ವಿನ್ಯಾಸಕರೊಬ್ಬರ ಹತ್ತಿರ ಕೆಲಸ ಸಿಕ್ಕಿದೆಯಂತೆ. ಪೇಡೆ ಬಾಯಿಗೆ ಹಾಕಿಕೊಂಡು, ನಮ್ಮ ಕಡೆಯ ಹಿರಿಯರು ಯಾರೇ ಆದರೂ ಕೇಳುತ್ತಿದ್ದ ಮಾತನ್ನೇ ನಾನೂ ಕೇಳಿದೆ: "ಸಂಬಳ ಎಷ್ಟಮ್ಮ?"

ಹುಡುಗಿಯ ಮುಖ ಸಣ್ಣದಾಯಿತು. "ಮೊದಲ ಆರು ತಿಂಗಳು ಏನೂ ಕೊಡಲ್ಲ ಅಂಕಲ್, ಇಂಟರ್ನ್‌ಶಿಪ್. ಆದ್ರೆ ಕಲಿಯೋಕೆ ತುಂಬಾ ಇರುತ್ತೆ" ಎಂದಳು. ಸಂಬಳದ ವಿಷಯ ಹಾಗೆ ಕೇಳಬಾರದು ಎಂಬ ಅರ್ಥ ಬರುವಂತೆ ನನ್ನ ಹೆಂಡತಿ ಒಳಗಿನಿಂದ ಕೆಮ್ಮಿದಳು. ನಾನು ಬಿಡಲಿಲ್ಲ. ಮುಂಬೈಯಲ್ಲಿ ಇರುವುದೆಲ್ಲಿ, ಊಟಕ್ಕೇನು ಎಂದೆಲ್ಲ ಕೇಳಿದೆ. ಪಿಜಿಗೆ, ಊಟಕ್ಕೆ, ಲೋಕಲ್ ಟ್ರೇನಿನ ಪಾಸಿಗೆ ಎಲ್ಲಕ್ಕೂ ಅಪ್ಪ ದುಡ್ಡು ಕಳಿಸುತ್ತಾರಂತೆ. ಅಂದರೆ ಆ ವಿನ್ಯಾಸಕರ ಅಂಗಡಿ ಅರ್ಧ ವರ್ಷ ನಡೆಯುವುದಕ್ಕೆ ನಮ್ಮ ಎದುರುಮನೆಯ ನಿವೃತ್ತ ಗುಮಾಸ್ತರೂ ಬಂಡವಾಳ ಹಾಕುತ್ತಿದ್ದಾರೆ ಎಂದಾಯಿತು. ಪೇಡೆ ಚೆನ್ನಾಗಿತ್ತು. ಆದರೂ ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅವಳು ಹೋದ ಮೇಲೆ ನನಗೆ ನಮ್ಮೂರಿನ ಟೈಲರ್ ಅಂಗಡಿ ನೆನಪಾಯಿತು. ಸಂತೆಬೀದಿಯ ಹಂಚಿನ ಮನೆಯೊಂದರ ಜಗುಲಿಯೇ ಅಂಗಡಿ. ಕಾಲಲ್ಲಿ ತುಳಿಯುವ ಒಂದು ಮಿಷನ್ನು, ಬಟ್ಟೆ ಕತ್ತರಿಸಲು ಒಂದು ಮೇಜು, ಇದ್ದಿಲು ತುಂಬುವ ಇಸ್ತ್ರಿಪೆಟ್ಟಿಗೆ, ಗೋಡೆಗೆ ಹಳೆಯ ಕ್ಯಾಲೆಂಡರಿನ ಲಕ್ಷ್ಮಿ. ಅಂಗಡಿಯವರನ್ನು ಊರೆಲ್ಲ ಮಾಸ್ಟ್ರು ಎನ್ನುತ್ತಿತ್ತು. ಶಾಲೆಯ ಮೇಷ್ಟ್ರು ಬೇರೆ, ಈ ಮಾಸ್ಟ್ರು ಬೇರೆ, ಭಯ ಮಾತ್ರ ಇಬ್ಬರದೂ ಒಂದೇ. ನನ್ನ ಜೊತೆ ಐದನೇ ಕ್ಲಾಸಿನವರೆಗೆ ಓದಿದ ಹುಡುಗನೊಬ್ಬನನ್ನು ಅವನ ತಾಯಿ ಅಲ್ಲಿ ಕೆಲಸ ಕಲಿಯಲು ಬಿಟ್ಟಿದ್ದಳು. ಬೆಳಿಗ್ಗೆ ಬಂದು ಕಸ ಗುಡಿಸಿ, ನೆಲದಲ್ಲಿ ಬಿದ್ದ ಗುಂಡುಪಿನ್ನುಗಳನ್ನು ಆರಿಸಿ, ಇದ್ದಿಲು ಊದಿ ಕೆಂಡ ಮಾಡಿ, ಟೀ ತಂದು, ಆಮೇಲೆ ಗೋಡೆಗೆ ಒರಗಿ ಕೂತನೆಂದರೆ ಸಂಜೆಯವರೆಗೆ ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಪ್ಯಾಂಟಿನ ಅಂಚಿಗೆ ಕೈಹೊಲಿಗೆ ಹಾಕುವುದು. ಎರಡು ವರ್ಷ ಅವನಿಗೆ ಕೂಲಿಯೆಂದು ಒಂದು ಕಾಸೂ ಇರಲಿಲ್ಲ. ಮಧ್ಯಾಹ್ನದ ಮುದ್ದೆ, ದೀಪಾವಳಿಗೆ ಒಂದು ಅಂಗಿ, ಅಷ್ಟೆ. ಆ ಅಂಗಿಯೂ ಊರವರ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಕೂಡಿಸಿ ಹೊಲಿದದ್ದು: ಕಾಲರ್ ಒಂದು ಬಣ್ಣ, ಜೇಬು ಇನ್ನೊಂದು, ತೋಳು ಮತ್ತೊಂದು. ನಮಗೆಲ್ಲ ಆ ಅಂಗಿಯ ಮೇಲೆ ಕಣ್ಣು. ಇಡೀ ಊರಿನ ವಸ್ತ್ರವೈಭವವನ್ನು ಒಂದೇ ಮೈಮೇಲೆ ಹಾಕಿಕೊಂಡು ತಿರುಗುವ ಭಾಗ್ಯ ಬೇರೆ ಯಾರಿಗಿತ್ತು!

ಮೂರನೆಯ ದೀಪಾವಳಿಗೆ ಅವನ ತಾಯಿ ಅಂಗಡಿಗೆ ಬಂದಳು. ನಾನು ಅಪ್ಪನ ಅಂಗಿ ಇಸಿದುಕೊಳ್ಳಲು ಹೋಗಿ ಅಲ್ಲೇ ನಿಂತಿದ್ದೆ. "ಅಂಗಿ ಚೆಂದಾಗದೆ ಮಾಸ್ಟ್ರೇ. ಬೇಯಿಸ್ಕಂಡು ಉಣ್ಣಕಾದದಾ?" ಎಂದಳು. ಜಗಳದ ದನಿಯಲ್ಲಿ ಅಲ್ಲ, ಸೊಪ್ಪಿನ ಬೆಲೆ ವಿಚಾರಿಸುವ ದನಿಯಲ್ಲಿ. ಮಾಸ್ಟ್ರು ಒಳ್ಳೆಯ ಮನುಷ್ಯ. ಟೇಪನ್ನು ಕೊರಳಿಂದ ತೆಗೆದು, ಮತ್ತೆ ಹಾಕಿಕೊಂಡು, ಆ ವಾರದಿಂದ ಒಂದು ಕಾಜಾಗೆ ಮೂರು ಪೈಸೆ ಎಂದು ಗೊತ್ತು ಮಾಡಿದರು. ತುಂಬುತೋಳಿನ ಅಂಗಿಗೆ ಎದೆಗೆ ಏಳು, ತೋಳಿಗೆ ಎರಡು, ಒಟ್ಟು ಒಂಬತ್ತು ಕಾಜಾ, ಇಪ್ಪತ್ತೇಳು ಪೈಸೆ. ಹಬ್ಬದ ತಿಂಗಳಲ್ಲಿ ಹುಡುಗನ ಮುಖ ಅರಳಿತು. ಆಷಾಢ ಬಂತು, ಮದುವೆಯಿಲ್ಲ, ಹಬ್ಬವಿಲ್ಲ, ಹೊಲಿಸುವವರಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಗೋಡೆಗೆ ಒರಗಿ ಕೂತರೂ ಕಾಜಾ ಇಲ್ಲದ ಮೇಲೆ ಪೈಸೆಯೂ ಇಲ್ಲ. ಅವನು ಕೂತಿದ್ದ ಹೊತ್ತಿಗೆ ಬೆಲೆ ಇರಲಿಲ್ಲ, ಹಾಕಿದ ತೂತಿಗೆ ಮಾತ್ರ ಇತ್ತು.

ಇದು ನಮ್ಮೂರಿನ ಬಡತನದ ಕತೆ ಎಂದೇ ಬಹಳ ಕಾಲ ತಿಳಿದಿದ್ದೆ. ಹಾಗಲ್ಲವೆಂದು ತಿಳಿದದ್ದು ಪ್ಯಾರಿಸ್ಸಿನ ವಿಷಯ ಓದಿದ ಮೇಲೆ. ಜೂಲಿಯಾ ಮೆನ್ಸಿಟಿಯೆರಿ ಎಂಬ ಮಾನವಶಾಸ್ತ್ರಜ್ಞೆ ಫ್ಯಾಷನ್ ಲೋಕದಲ್ಲಿ ದುಡಿಯುವವರ ನಡುವೆ ಓಡಾಡಿ 2018ರಲ್ಲಿ ಫ್ರೆಂಚಿನಲ್ಲಿ ಒಂದು ಪುಸ್ತಕ ಬರೆದರು; ಅದರ ಹೆಸರನ್ನು ನಮ್ಮ ಭಾಷೆಗೆ ತಂದರೆ 'ಲೋಕದ ಅತಿ ಸುಂದರವಾದ ವೃತ್ತಿ' ಎಂದಾಗುತ್ತದೆ. ಅದರಲ್ಲಿ ಬರುವ ಸ್ಟೈಲಿಸ್ಟ್ ಹೆಂಗಸೊಬ್ಬಳಿಗೆ ಐಷಾರಾಮಿ ಕಂಪನಿಯೊಂದು ಕೂಲಿಯ ಬದಲು ತನ್ನದೇ ಅಂಗಡಿಯಲ್ಲಿ ಸಾಮಾನು ಕೊಳ್ಳುವ ಕೂಪನ್ನು ಕೊಡುತ್ತದೆ. ಕೈಯಲ್ಲಿ ದುಬಾರಿ ಚೀಲ, ಕಾಲಲ್ಲಿ ದುಬಾರಿ ಬೂಟು, ಮನೆ ಬಾಡಿಗೆಗೆ ಮಾತ್ರ ಹಣವಿಲ್ಲ. ನ್ಯೂಯಾರ್ಕಿನ ಮಾಡೆಲ್ ಹುಡುಗಿಯರ ಕತೆಯೂ ಇದೇ: ಹೆಸರುವಾಸಿ ಪ್ರದರ್ಶನದಲ್ಲಿ ನಡೆದು ಬಂದರೆ ಎಷ್ಟೋ ಸಲ ಕೂಲಿಯೆಂದು ಕೊಡುತ್ತಿದ್ದುದು ಒಂದು ಉಡುಪನ್ನು. ಹದಿಹರೆಯದಲ್ಲೇ ಮಾಡೆಲ್ ಆಗಿ ದುಡಿದ ಸಾರಾ ಜಿಫ್ 2012ರಲ್ಲಿ ಇವರಿಗಾಗಿ ಒಂದು ಒಕ್ಕೂಟ ಕಟ್ಟಿದರು. ಮಾಡೆಲ್ ಏಜೆನ್ಸಿಗಳನ್ನು ಹದ್ದುಬಸ್ತಿನಲ್ಲಿಡುವ ಕಾನೂನಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಸಹಿ ಬಿದ್ದದ್ದು 2024ರ ಡಿಸೆಂಬರಿನಲ್ಲಿ. ದೀಪಾವಳಿಯ ಅಂಗಿ ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ ನೋಡಿ. ಆದರೆ ಬೇಯಿಸಿಕೊಂಡು ಉಣ್ಣಲು ಆಗುತ್ತದೆಯೇ ಎಂದು ಮೊದಲು ಕೇಳಿದವಳು ನಮ್ಮ ಸಂತೆಬೀದಿಯ ಆ ತಾಯಿ ಎಂದೇ ನನ್ನ ಲೆಕ್ಕ.

ಫ್ರಾನ್ಸಿನವರ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಅಲ್ಲಿ ಉನ್ನತ ದರ್ಜೆಯ ಉಡುಪು ಹೊಲಿಯುವ ಮನೆಗಳಲ್ಲಿ ಸೂಜಿ ಹಿಡಿದು ಕೂತವರನ್ನು 'ಪುಟ್ಟ ಕೈಗಳು' ಎಂದು ಕರೆಯುವ ರೂಢಿಯಿದೆ. ನಮ್ಮ ಹುಡುಗ ಅಲ್ಲಿದ್ದಿದ್ದರೆ ಅವನೂ ಪುಟ್ಟ ಕೈಯೇ. ಕಲಿಯಲು ಬಂದವರನ್ನು ಎರಡು ತಿಂಗಳಿಗಿಂತ ಹೆಚ್ಚು ಕಾಲ ಇಂಟರ್ನ್ ಆಗಿ ಇಟ್ಟುಕೊಂಡರೆ ಹಣ ಕೊಡಲೇಬೇಕು ಎಂಬ ಕಾಯ್ದೆ ಅಲ್ಲಿದೆ. 2024ರಲ್ಲಿ ಅದು ಗಂಟೆಗೆ 4.35 ಯೂರೋ. ಅದೇ ವರ್ಷ ಅಲ್ಲಿಯ ಕನಿಷ್ಠ ವೇತನ ಗಂಟೆಗೆ ಹನ್ನೊಂದೂವರೆ ಯೂರೋ ದಾಟಿತ್ತು, ಆದ್ದರಿಂದ ಇದು ಹೊಟ್ಟೆ ತುಂಬುವ ಮೊತ್ತವಲ್ಲ. ಆದರೂ ಸೊನ್ನೆಗೂ ನಾಲ್ಕಕ್ಕೂ ನಡುವೆ ಒಂದು ಮರ್ಯಾದೆಯಿದೆ. ನಮ್ಮಲ್ಲೂ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2019ರ ನಿಯಮ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಗೊತ್ತು ಮಾಡಿತು. ಅದೇ ಹುಡುಗಿಯನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಇಂಟರ್ನ್ ಎಂದು ಕರೆದರೆ ಆ 9,000 ಮಾಯ. ಹೆಸರಿನ ಮಹಿಮೆ ದಾಸರು ಹಾಡಿದ್ದು ಬೇರೆ ಅರ್ಥದಲ್ಲಿ.

ಕಾಜಾಗೆ ಮೂರು ಪೈಸೆಯ ಲೆಕ್ಕಕ್ಕೆ ಮರಳುತ್ತೇನೆ. ಅಮೆರಿಕದ ಲಾಸ್ ಏಂಜಲಿಸ್ ಊರಿನ ಹೊಲಿಗೆ ಕಾರ್ಖಾನೆಗಳಲ್ಲಿ ವಲಸೆ ಬಂದ ಹೆಂಗಸರು ಇದೇ ಪೀಸ್ ಲೆಕ್ಕದಲ್ಲಿ ದುಡಿಯುತ್ತಿದ್ದರು. ಅದನ್ನು ನಿಲ್ಲಿಸಿ ಗಂಟೆಯ ಲೆಕ್ಕದಲ್ಲೇ ಕೂಲಿ ಕೊಡಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದದ್ದು 2022ರ ಜನವರಿ 1ರಂದು. ಆಮೇಲೂ ಅಮೆರಿಕದ ಕೇಂದ್ರ ಕಾರ್ಮಿಕ ಇಲಾಖೆ ತಪಾಸಣೆ ಮಾಡಿದಾಗ ಒಬ್ಬ ಗುತ್ತಿಗೆದಾರ ಗಂಟೆಗೆ 1.58 ಡಾಲರು ಕೊಡುತ್ತಿದ್ದದ್ದು ಸಿಕ್ಕಿತು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2020ರಲ್ಲಿ ಕೆಲವು ಕಾರ್ಖಾನೆಗಳು ಗಂಟೆಗೆ ಮೂರೂವರೆ ಪೌಂಡು ಕೊಡುತ್ತಿವೆ ಎಂಬ ಸುದ್ದಿ ಹೊರಬಿತ್ತು. ಕಾಯ್ದೆಯಂತೆ ಕೊಡಬೇಕಾದದ್ದು 8.72. ಇಟಲಿಯಲ್ಲಂತೂ ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ವೇತನದ ಕಾನೂನೇ ಇಲ್ಲ, ಎಲ್ಲವೂ ಕಾರ್ಮಿಕ ಸಂಘಗಳ ಒಪ್ಪಂದದ ಮೇಲೆ ನಡೆಯುತ್ತದೆ. ಒಪ್ಪಂದದ ಹೊರಗೆ ಉಳಿದ ಉಪಗುತ್ತಿಗೆಯ ಕೋಣೆಗಳಲ್ಲಿ ಏನು ನಡೆಯುತ್ತದೆಂದು 2024ರಲ್ಲಿ ಮಿಲಾನಿನ ನ್ಯಾಯಾಲಯದ ಮುಂದೆ ಬಂತು. ಅಂಗಡಿಯಲ್ಲಿ 2,600 ಯೂರೋಗೆ ಮಾರುವ ಡಿಯೋರ್ ಚೀಲವೊಂದನ್ನು ಮಾಡಿಕೊಟ್ಟವರಿಗೆ 53 ಯೂರೋ ಕೊಟ್ಟಿದ್ದರೆಂದು ಅಲ್ಲಿನ ತನಿಖೆ ಹೇಳಿತು. ಶ್ರೀಮಂತ ದೇಶ, ಬಡ ದೇಶ ಎಂಬ ಗೆರೆ ಎಳೆದು ನಾವು ಸಮಾಧಾನ ಮಾಡಿಕೊಳ್ಳುತ್ತೇವಲ್ಲ, ಈ ಉದ್ಯಮ ಆ ಗೆರೆಯನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ನಮ್ಮ ಮನೆಗೆ ಹಾಲು ತರುವ ಹೆಂಗಸಿನ ಮಗಳು 'ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ'. ಬೆಂಗಳೂರಿನಲ್ಲಿ, ರಾಮನಗರ ಮಂಡ್ಯದ ಹಳ್ಳಿಗಳಲ್ಲಿ ಈ ಮಾತಿಗೆ ವಿವರಣೆ ಬೇಡ. ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಯ ಕಡೆಗಳಲ್ಲಿ ಬೆಳಗಿನ ಎಂಟರ ಮುಂಚೆ ಡಬ್ಬಿಚೀಲ ಹಿಡಿದು ಬಿರಬಿರನೆ ನಡೆಯುವ ಹೆಣ್ಣುಮಕ್ಕಳ ಸಾಲು ನೀವೂ ನೋಡಿರುತ್ತೀರಿ. ಅವಳು ಸೇರಿದ್ದು ಹೆಲ್ಪರ್ ಆಗಿ. ಎಂದರೆ ದಾರದ ತುದಿ ಕತ್ತರಿಸುವುದು, ಗುರುತು ಹಾಕುವುದು, ಒಂದು ಮಿಷನ್ನಿನಿಂದ ಇನ್ನೊಂದಕ್ಕೆ ಬಂಡಲ್ ಎತ್ತಿಕೊಡುವುದು. ಆಮೇಲೆ ಟೈಲರ್ ಆದಳು. ಆದರೆ ನಮ್ಮ ಮಾಸ್ಟ್ರು ಒಂದು ಅಂಗಿಯನ್ನು ಪೂರ್ತಿ ಹೊಲಿಯುತ್ತಿದ್ದರು. ಇವಳು ಹತ್ತು ವರ್ಷದಿಂದ ಕಫ್ ಒಂದನ್ನೇ ಹೊಲಿಯುತ್ತಿದ್ದಾಳೆ. ಗಂಟೆಗಿಷ್ಟು ಪ್ರೊಡಕ್ಷನ್ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ, ಕಡಿಮೆಯಾದರೆ ಸೂಪರ್‌ವೈಸರ್ ಬೈಗುಳ. "ಹತ್ತು ವರ್ಷಕ್ಕೆ ಸಂಬಳ ಎಷ್ಟಾಗಿದೆಯಮ್ಮ?" ಎಂದೆ. "ನಿನ್ನೆ ಸೇರಿದೋಳಿಗೂ ನಂಗೂ ಐನೂರು ರೂಪಾಯಿ ವ್ಯತ್ಯಾಸ ಸಾರ್" ಎಂದಳು. ಈ ಉದ್ಯಮದಲ್ಲಿ ಹೊಸಬರ ಸಂಬಳ ಎಂಬುದು ಹೊಸಬರದು ಮಾತ್ರ ಅಲ್ಲ. ಸೇರಿದ ದಿನದ ಸಂಬಳವೇ ತುಸು ಅತ್ತಿತ್ತ ಆಗಿ ಬಿಡುವ ದಿನದ ಸಂಬಳವೂ ಆಗಿರುತ್ತದೆ. ಅದಕ್ಕೇ ಮೊದಲ ಸಂಬಳದ ಮೇಲೆ ನನಗೆ ಇಷ್ಟು ಹಟ.

ಆ ಸಂಬಳಕ್ಕೆ ವರ್ಷಕ್ಕೊಮ್ಮೆ ಸೇರುವುದು ತುಟ್ಟಿಭತ್ಯೆ. 2020ರ ಏಪ್ರಿಲಿನಲ್ಲಿ ಅದು ತಿಂಗಳಿಗೆ 417 ರೂಪಾಯಿ 60 ಪೈಸೆ ಏರಬೇಕಿತ್ತು, ಕೆಲಸದ ದಿನಕ್ಕೆ ಹದಿನಾರು ರೂಪಾಯಿಯಷ್ಟು. ಕೊರೊನಾದ ಹೆಸರಿನಲ್ಲಿ ಸರ್ಕಾರ ಅದನ್ನು ಮುಂದೂಡಿತು, ಹೈಕೋರ್ಟು ಆ ಮುಂದೂಡಿಕೆಯನ್ನು ತಡೆಯಿತು, ಆಮೇಲೂ ಬಾಕಿ ಕೈಗೆ ಬರಲು ಸಾವಿರಾರು ಜನ 2022ರವರೆಗೆ ಕಾದರು. ಹದಿನಾರು ರೂಪಾಯಿಗೆ ಇಷ್ಟು ದೂರ ಹೋಗಬೇಕೇ ಎಂದು ನನ್ನ ಸ್ನೇಹಿತರೊಬ್ಬರು ಕೇಳಿದರು. ಅವರಿಗೆ 2016ರ ಏಪ್ರಿಲ್ ನೆನಪು ಮಾಡಿಕೊಟ್ಟೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವಯಸ್ಸಿನವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, ಮಗಳ ಫೀಸಿಗೆ, ಮನೆಯ ಭೋಗ್ಯಕ್ಕೆ ಇರುವ ಒಂದೇ ಗಂಟು ಅದು ಎಂದು ಗೊತ್ತಿದ್ದ ಸಾವಿರಾರು ಹೆಣ್ಣುಮಕ್ಕಳು ಯಾವ ದೊಡ್ಡ ನಾಯಕರೂ ಕರೆಯದೆ ಬೆಂಗಳೂರಿನ ರಸ್ತೆಗಿಳಿದರು. ಎರಡನೆಯ ದಿನ, ಏಪ್ರಿಲ್ 19ರ ಸಂಜೆ, ನಿಯಮ ವಾಪಸಾಯಿತು. ಆ ದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಲ್ಲಿ ನಾನೂ ಒಬ್ಬ. ಬಸ್ಸಿನಲ್ಲಿ ಕೂತು ಗೊಣಗಿದ್ದೆ. ಇಂದು ಆ ಗೊಣಗಾಟಕ್ಕೆ ನಾಚಿಕೆಯಾಗುತ್ತದೆ.

ಬಾಂಗ್ಲಾದೇಶದ್ದು ಇನ್ನೂ ಕಠಿಣ. 2013ರ ಏಪ್ರಿಲ್ 24ರಂದು ಸಾವರ್‌ನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಆಗ ಅಲ್ಲಿ ಹೊಸದಾಗಿ ಸೇರಿದವರ ತಿಂಗಳ ಕನಿಷ್ಠ ಸಂಬಳ 3,000 ಟಾಕಾ. ಹತ್ತು ವರ್ಷದ ಮೇಲೆ ಕಾರ್ಮಿಕ ಸಂಘಗಳು 23,000 ಕೇಳಿದವು, ಬೀದಿಯಲ್ಲಿ ಗುಂಡೇಟಿಗೆ ಜೀವಗಳು ಹೋದವು, ಕೊನೆಗೆ 2023ರ ಡಿಸೆಂಬರಿನಿಂದ ಗೊತ್ತಾದದ್ದು 12,500. ನಮ್ಮ ಲೆಕ್ಕದಲ್ಲಿ ಆಗ ಸುಮಾರು 9,400 ರೂಪಾಯಿ. ಕಾಂಬೋಡಿಯಾದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಕೂತು ಪ್ರತಿವರ್ಷ ಸಂಬಳ ಗೊತ್ತುಮಾಡುತ್ತಾರೆ. 2024ರಲ್ಲಿ 204 ಡಾಲರು, ಸುಮಾರು ಹದಿನೇಳು ಸಾವಿರ ರೂಪಾಯಿ. ಅಲ್ಲಿಯೂ ಹೊಲಿಯುವುದು ಅದೇ ಅಂಗಡಿಗಳಿಗೆ ಹೋಗುವ ಬಟ್ಟೆಯನ್ನೇ. ಕಂಪನಿಗಳು ಇದರಿಂದ ಮುಳುಗಿಲ್ಲ.

ಹೆಂಡತಿಯ ಕೆಮ್ಮಿನ ಮಾತು ಉಳಿಯಿತು. ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಎಂಬ ಶಿಷ್ಟಾಚಾರ ನಮ್ಮಲ್ಲಿ ಎಂದು ಬಂತೋ. ನಮ್ಮಜ್ಜಿ ಎರಡನ್ನೂ ಹೊಸಿಲು ದಾಟುವ ಮುಂಚೆಯೇ ಕೇಳುತ್ತಿದ್ದಳು. ಸಂಬಳ ಮುಚ್ಚಿಟ್ಟ ಮಾತಾದಷ್ಟೂ ಕಡಿಮೆ ಕೊಡುವವರಿಗೆ ಅನುಕೂಲ. 2022ರ ನವೆಂಬರ್ 1ರಿಂದ ನ್ಯೂಯಾರ್ಕ್ ನಗರದಲ್ಲಿ ಕೆಲಸದ ಜಾಹೀರಾತು ಕೊಡುವವರು ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂದು ಅದರಲ್ಲೇ ಬರೆಯಬೇಕು. ಯುರೋಪಿನ ಒಕ್ಕೂಟವೂ 2023ರಲ್ಲಿ ಅಂಥದೇ ನಿರ್ದೇಶನ ಹೊರಡಿಸಿದೆ. ಸಂದರ್ಶನಕ್ಕೆ ಮುಂಚೆಯೇ ಅಭ್ಯರ್ಥಿಗೆ ಸಂಬಳ ತಿಳಿಸಬೇಕು. ಅಜ್ಜಿಯ ಪ್ರಶ್ನೆ ಅಲ್ಲಿ ಕಾಯ್ದೆಯಾಗಿದೆ. ಇದನ್ನು ಹೆಂಡತಿಗೆ ಹೇಳಿದೆ. ಅವಳು ಈ ಸಲ ಕೆಮ್ಮಲಿಲ್ಲ.

ನಮ್ಮೂರಿನ ಹುಡುಗ ಆಮೇಲೆ ಮೈಸೂರಿಗೆ ಹೋಗಿ ಸ್ವಂತ ಅಂಗಡಿ ಇಟ್ಟ. ಅವನ ಹತ್ತಿರ ಕಲಿಯಲು ಬಂದವರಿಗೆ ಮೊದಲ ತಿಂಗಳಿಂದಲೇ ಸಂಬಳ ಕೊಡುತ್ತಿದ್ದನೆಂದು ಅವನ ತಮ್ಮನೇ ನನಗೆ ಹೇಳಿದ್ದು. ಎದುರುಮನೆಯ ಹುಡುಗಿ ಬರುವ ಗುರುವಾರ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಡುತ್ತಾಳೆ; ಟಿಕೆಟ್ಟಿನ ಹಣವೂ ಅಪ್ಪನದೇ. ಹೋದ ದಿನವೇ ಕೇಳು, ಬಾಡಿಗೆಯಷ್ಟಾದರೂ ಕೊಡಿ ಎಂದು ಕೇಳು ಅಂತ ಅವಳಿಗೆ ಹೇಳಿದ್ದೇನೆ. ನಿಮ್ಮ ಬೀದಿಯಲ್ಲೂ ಯಾರದಾದರೂ ಮನೆಯ ಮಗು ಇಂಥ ಕೆಲಸ ಸಿಕ್ಕಿತೆಂದು ಪೇಡೆ ಹಿಡಿದು ಬಂದರೆ, ಪೇಡೆ ತೆಗೆದುಕೊಳ್ಳುವ ಮುಂಚೆ ಸಂಬಳ ಎಷ್ಟೆಂದು ಕೇಳಿ. ಅಕ್ಕಪಕ್ಕದವರಿಗೂ ಕೇಳಿಸುವಂತೆ ಕೇಳಿ.