ಐದು ಮಾರ್ಕಿನ ಪ್ರಶ್ನೆ ಮತ್ತು ನರಗುಂದದ ಗುಡ್ಡ

ಹೋದ ತಿಂಗಳು ಒಂದು ಭಾನುವಾರ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಧಾರವಾಡದಿಂದ ನರಗುಂದಕ್ಕೆ ಹೋಗಿದ್ದೆ. ನವಲಗುಂದ ದಾಟಿದ ಮೇಲೆ ಎರಡೂ ಕಡೆ ಕರಿ ಎರೆ ಭೂಮಿ. ಅದರ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಗುಡ್ಡ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವನು. ಅವನ ಜೊತೆ ಎಲ್ಲಿಗೆ ಹೋದರೂ ಪಾಠ ತಪ್ಪೋದಿಲ್ಲ :)

ಹತ್ತುವಾಗ ಶುರು ಮಾಡಿದ. "ಫ್ರಾನ್ಸಿನ ಕ್ರಾಂತಿಯೊಳಗ ಭಯದ ಆಳ್ವಿಕೆಗೆ ಕಾರಣ ಹೇಳು ನೋಡೋಣು. ಐದು ಮಾರ್ಕು."

ನಾನು ಬೆರಳು ಮಡಚಿದೆ. 1792ರಿಂದ ಆಸ್ಟ್ರಿಯಾ, ಪ್ರಷ್ಯಾ ಜೊತೆ ಯುದ್ಧ. 1793ರ ಜನವರಿಯಲ್ಲಿ ರಾಜನ ತಲೆ ಹೋದ ಮೇಲೆ ಇನ್ನಷ್ಟು ವೈರಿಗಳು. ಮಾರ್ಚಿನಲ್ಲಿ ವಾಂಡೆ ಪ್ರಾಂತದ ರೈತರ ದಂಗೆ. ಪ್ಯಾರಿಸ್ಸಿನಲ್ಲಿ ರೊಟ್ಟಿಯ ಬೆಲೆ. ಐದನೇದು, ರೋಬೆಸ್ಪಿಯರ್.

"ನಾಕ ಮಾರ್ಕು" ಅಂದ ಅಪ್ಪ. "ಐದನೇದು ಅಂವ ಅಲ್ಲ. ಅಂಜಿಕಿ."

ಅಪ್ಪ ಹೇಳಿದ್ದು ಸರಿ ಅನ್ನಿಸಿದ್ದು ಮನೆಗೆ ಬಂದು ಓದಿದ ಮೇಲೆ. ಇದೇ ರೋಬೆಸ್ಪಿಯರ್ 1791ರಲ್ಲಿ ಮರಣದಂಡನೆಯನ್ನೇ ರದ್ದು ಮಾಡಿ ಅಂತ ಸಭೆಯಲ್ಲಿ ವಾದಿಸಿದ್ದನಂತೆ! ಎರಡು ವರ್ಷದಲ್ಲಿ ಅದೇ ಮನುಷ್ಯ ಗಿಲೊಟಿನ್ ಪರ. 1793ರ ಸೆಪ್ಟೆಂಬರ್ 17ಕ್ಕೆ 'ಶಂಕಿತರ ಕಾನೂನು' ಬಂತು. ಅಪರಾಧ ಮಾಡಿದವರಷ್ಟೇ ಅಲ್ಲ, ಮಾತಿನಿಂದಲೋ ಸಹವಾಸದಿಂದಲೋ ಅನುಮಾನ ಹುಟ್ಟಿಸಿದವರನ್ನೂ ಹಿಡಿಯಬಹುದು. ವಿಚಾರಣೆಯಾಗಿ ಸತ್ತವರೇ ಸುಮಾರು 17,000. ಅವರಲ್ಲಿ ಹೆಚ್ಚಿನವರು ಶ್ರೀಮಂತರಲ್ಲ, ರೈತರು, ಕೈಕೆಲಸದವರು. ಇನ್ನೊಂದು ವಿಚಿತ್ರ: 1794ರ ಜೂನ್ 26ಕ್ಕೆ ಫ್ಲೂರಸ್‌ನಲ್ಲಿ ಫ್ರಾನ್ಸ್ ಯುದ್ಧ ಗೆದ್ದಿತು. ಗಡಿಯ ಅಪಾಯ ಕಡಿಮೆಯಾಗಿತ್ತು. ಆದರೂ ಪ್ಯಾರಿಸ್ಸಿನಲ್ಲಿ ಅತಿ ಹೆಚ್ಚು ತಲೆ ಉರುಳಿದ್ದು ಆ ಜೂನ್-ಜುಲೈನಲ್ಲೇ. ಕಾರಣ ಹೋದರೂ ಯಂತ್ರ ನಿಲ್ಲಲಿಲ್ಲ.

ಗುಡ್ಡದ ಮೇಲೆ ಅಪ್ಪ ಫ್ರಾನ್ಸ್ ಬಿಟ್ಟು ನಮ್ಮ ಕಡೆ ಬಂದ. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಾಗ ಇಲ್ಲಿ ಕಂಪನಿಯವರಿಗೆ ಅಂಜಿಕೆ ಹತ್ತಿತು. ಜುಲೈ ಕೊನೆಗೆ ಕೊಲ್ಹಾಪುರದ ಸಿಪಾಯಿಗಳೂ ಎದ್ದರು. ಅಂಜಿದ ಸರ್ಕಾರ ಆಯುಧ ಒಪ್ಪಿಸಿ ಅಂತ ಹುಕುಂ ಮಾಡಿತು. ಮುಧೋಳ ಸೀಮೆಯ ಹಲಗಲಿಯ ಬೇಡರಿಗೆ ಆಯುಧ ಅಂದರೆ ಹೊಟ್ಟೆಪಾಡು, ಮರ್ಯಾದೆ ಎರಡೂ. ಕೊಡಲಿಲ್ಲ. ನವೆಂಬರಿನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಹತ್ತನೇ ಕ್ಲಾಸಿನಲ್ಲಿ ಹಲಗಲಿ ಬೇಡರ ಲಾವಣಿ ಓದಿದವರಿಗೆ ಜಡಗ, ಬಾಲ, ಹನುಮ, ರಾಮ ನೆನಪಿರಬೇಕು.

"ಆಯುಧ ಇಟ್ಟುಕೊಂಡದ್ದಕ್ಕ ಅನುಮಾನ, ಅನುಮಾನಕ್ಕ ಬೆಂಕಿ" ಅಂದ ಅಪ್ಪ.

ಆಮೇಲೆ ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ. ಮಕ್ಕಳಿರಲಿಲ್ಲ, ದತ್ತು ತೆಗೆದುಕೊಳ್ಳಲು ಕಂಪನಿ ಒಪ್ಪಲಿಲ್ಲ. ಓದಿದ ಮನುಷ್ಯ, ಅರಮನೆಯಲ್ಲಿ ದೊಡ್ಡ ಪುಸ್ತಕ ಸಂಗ್ರಹ ಇಟ್ಟಿದ್ದವನು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಅವನ ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಎರಡೇ ವಾರದಲ್ಲಿ, ಜೂನ್ 12ಕ್ಕೆ, ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು.

ಸಣ್ಣವನಿದ್ದಾಗ ಆ ತಲೆಯ ಕಥೆ ಕೇಳಿ ಚಪ್ಪಾಳೆ ತಟ್ಟಿದ್ದೆ. ಈಗ ಪ್ಯಾರಿಸ್ಸು ನೆನಪಾಯಿತು. ಬ್ಯಾಸ್ಟಿಲ್ ಬಿದ್ದ ದಿನ ಅದರ ಅಧಿಕಾರಿಯ ತಲೆಯನ್ನೂ ಭರ್ಚಿಗೆ ಸಿಕ್ಕಿಸಿ ಮೆರೆಸಿದ್ದರು. ಹಲಗಲಿ ಸುಟ್ಟವರೂ ನರಗುಂದದವರೂ ಒಂದೇ ಅನ್ನುತ್ತಿಲ್ಲ, ದಯವಿಟ್ಟು ಬೈಯಬೇಡಿ. ಒಬ್ಬರು ಆಳುವವರು, ಒಬ್ಬರು ನೆಲ ಕಳೆದುಕೊಳ್ಳುತ್ತಿದ್ದವರು. ಆದರೆ ಒಂದು ಕಡೆಯ ಅಂಜಿಕೆ ಇನ್ನೊಂದು ಕಡೆ ಹೋಗಿ ದೊಡ್ಡದಾಗಿ ವಾಪಸ್ ಬರುತ್ತದೆ, ಅದಂತೂ ನಿಜ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ...

ಹೋದ ವರ್ಷ ಆಫೀಸಿನಲ್ಲಿ ಜನರನ್ನು ಕಡಿಮೆ ಮಾಡುವ ಗಾಳಿಸುದ್ದಿ ಹಬ್ಬಿತ್ತು. ಒಂದು ಸಂಜೆ ಮ್ಯಾನೇಜರ್ ಫೋನ್ ಮಾಡಿ, "ನಿಮ್ಮ ಟೀಮಿನಿಂದ ಒಂದು ಹೆಸರು, ಬೆಳಿಗ್ಗೆಯೊಳಗೆ" ಅಂದರು. ಆರು ಜನರ ಟೀಮು, ಎಲ್ಲರೂ ಕೆಲಸ ಮಾಡುವವರೇ. ಯಾರ ಹೆಸರೂ ಇಲ್ಲ ಅಂದರೆ ನನ್ನದೇ ಬರುತ್ತದೆ ಅಂತ ಯಾರೂ ಹೇಳಲಿಲ್ಲ. ನಾನೇ ಅಂದುಕೊಂಡೆ. ಆ ರಾತ್ರಿ ಒಬ್ಬನ ಹಳೇ ಮೇಲ್‌ಗಳನ್ನೆಲ್ಲ ತೆಗೆದು ತಪ್ಪು ಹುಡುಕಿದೆ. ಹುಡುಕಿದರೆ ಯಾರಲ್ಲಿ ಸಿಗೋದಿಲ್ಲ? ಶನಿವಾರ ಹುಬ್ಬಳ್ಳಿಯಲ್ಲಿ ಜೊತೆಗೆ ಗಿರ್ಮಿಟ್ ತಿನ್ನುತ್ತಿದ್ದ ಗೆಳೆಯ ಅವನು. ಹೆಸರು ಕಳಿಸಿ ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು, ಅದೇ ಈಗ ಚುಚ್ಚುವುದು.

ಗಿಲೊಟಿನ್‌ಗೂ ನೋಟಿಸ್ ಪೀರಿಯಡ್‌ಗೂ ಹೋಲಿಕೆ ಇಲ್ಲ, ಗೊತ್ತು. ಅವನಿಗೆ ನಾಲ್ಕು ತಿಂಗಳಲ್ಲಿ ಬೇರೆ ಕೆಲಸವೂ ಸಿಕ್ಕಿತು. ಯುಗಾದಿಗೆ ಅವನೇ ಫೋನ್ ಮಾಡಿ ವಿಶ್ ಮಾಡಿದ. ಹೆಸರು ಕೊಟ್ಟವನು ನಾನು ಅಂತ ಅವನಿಗೆ ಗೊತ್ತಿಲ್ಲ.

ಇಳಿಯುವಾಗ ಅಪ್ಪನಿಗೆ ಇದನ್ನು ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಬೈಕ್ ಹತ್ತಿರ ಬಂದ ಮೇಲೆ ಕೇಳಿದ, "ಅಂವಗ ಹೇಳಿಯೇನು?"

"ಇಲ್ಲ."

"ಯಾಕ?"

"ಅಂಜಿಕಿ" ಅಂದೆ.

ಅಪ್ಪ ನಗಲಿಲ್ಲ. "ಐದಕ್ಕೈದು" ಅಂದು ಹಿಂದೆ ಕೂತ.

ಈ ಶನಿವಾರ ಗೆಳೆಯ ಹುಬ್ಬಳ್ಳಿಗೆ ಬರುತ್ತಾನಂತೆ. ಗಿರ್ಮಿಟ್ ತಿನ್ನೋಣ ಅಂತ ಕರೆದಿದ್ದೇನೆ. ಹೇಳಿಬಿಡಬೇಕು.