ಎರಡು ವಿಮಾನ ನಿಲ್ದಾಣಗಳ ನಡುವೆ

ದೂರವನ್ನು ಅಳೆಯಲು ಮೈಲಿಗಲ್ಲು ಒಂದು ಬಗೆ, ಗಡಿಯಾರ ಇನ್ನೊಂದು ಬಗೆ. ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಎರಡನೆಯದೇ ಹೆಚ್ಚು ಬೇಕಾದುದು. ಊರಿನಿಂದ ಸುದ್ದಿ ಬಂದಾಗ ಎಷ್ಟು ದೂರವೆಂದು ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಮುಟ್ಟುವಿರೆಂದೇ ಕೇಳುತ್ತಾರೆ.

ದೌಂಡದ ನಮ್ಮ ಮನೆಗಳಲ್ಲಿ ಈಚೆಗೆ ಈ ಲೆಕ್ಕ ತುಸು ತೊಡಕಾಗಿದೆ. 2019ರ ನವೆಂಬರ್ 22ರಂದು ಕಲಬುರ್ಗಿಯ ವಿಮಾನ ನಿಲ್ದಾಣ ತೆರೆಯಿತು. 2024ರ ಸೆಪ್ಟೆಂಬರಿನಲ್ಲಿ ಸೊಲ್ಲಾಪುರದ ನಿಲ್ದಾಣದ ಉದ್ಘಾಟನೆಯಾಯಿತು. ಮರುವರ್ಷ ಜೂನಿನಲ್ಲಿ ಅಲ್ಲಿಂದ ಗೋವೆಗೆ ವಿಮಾನ ಹಾರಿತು. "ಎರಡೂ ಕಡೆ ನಿಲ್ದಾಣವಿರುವಾಗ ಇನ್ನೂ ರೈಲೇಕೆ?" ಎಂದು ಮಕ್ಕಳು ಕೇಳುತ್ತಾರೆ. ಕೇಳುವುದೇನೂ ತಪ್ಪಲ್ಲ.

ಆಕಾಶಮಾರ್ಗದಲ್ಲಿ ಈ ಎರಡು ನಿಲ್ದಾಣಗಳಿಗೆ ಸುಮಾರು 115 ಕಿಲೋಮೀಟರು. ನೇರವಾಗಿ ಹಾರಿದರೆ ಅರ್ಧ ಗಂಟೆಯ ಮಾತು. ಆದರೆ ಹಾರುವ ಮುಂಚೆ ಒಂದು ಗಂಟೆ ಕಾಯಬೇಕು. ಇಳಿದ ಮೇಲೆ, ಶ್ರೀನಿವಾಸ ಸರಡಗಿಯ ಬಳಿಯಿಂದ ಪೇಟೆಗೆ ಬರಬೇಕು. ರೈಲಾದರೋ ಎರಡು ಗಂಟೆಯೊಳಗೆ ಸೊಲ್ಲಾಪುರದಿಂದ ಕಲಬುರ್ಗಿಗೆ ಮುಟ್ಟಿಸುತ್ತದೆ. ಅಲ್ಲದೆ ನಾವು ಸೊಲ್ಲಾಪುರಕ್ಕೆ ಹೋಗಲು ಸುಮಾರು 190 ಕಿಲೋಮೀಟರು ಅದೇ ರೈಲಿನಲ್ಲಿ ಕುಳಿತಿರಲೇಬೇಕಲ್ಲ! ಸಣ್ಣ ಊರಿನ ವಿಮಾನ ದೊಡ್ಡ ಊರನ್ನು ನೋಡುತ್ತದೆಯೇ ಹೊರತು ನೆರೆಯ ಸಣ್ಣ ಊರನ್ನಲ್ಲ. ಇನ್ನು ಪಡುವಣಕ್ಕೆ ಪುಣೆಗೆ ಹೋಗಿ, ಬೆಂಗಳೂರಿಗೆ ಹಾರಿ, ಮತ್ತೆ ಬಡಗಣಕ್ಕೆ ತಿರುಗುವುದೆಂದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ.

ಭೀಮೆ ನಮ್ಮೂರಿನ ಮಗ್ಗುಲಿಂದ ಕಲಬುರ್ಗಿಯ ಸೀಮೆಗೇ ಹರಿಯುತ್ತಾಳೆ. 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿದ ಉಗಿಬಂಡಿಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ಆ ಹಳೆಯ ದಾರಿಯೇ ಇಂದಿಗೂ ನಮ್ಮ ತವರಿನ ದಾರಿ.

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡತ್ತೆಗೆ ಹೆಚ್ಚಾಗಿದೆಯೆಂದು ಸಂಜೆ ಕರೆ ಬಂತು. ರಾತ್ರಿಯ ಗಾಡಿ ಹಿಡಿದು ಬೆಳಗಾಗುವುದರೊಳಗೆ ಊರು ಸೇರಿದೆವು. ಅವರಿಗೆ ಗುರುತು ಸಿಕ್ಕಿತು, "ಉಂಡೀರೇನು?" ಎಂದು ಕೇಳಿದರು. ಮಧ್ಯಾಹ್ನಕ್ಕೆ ಹೋಗಿಬಿಟ್ಟರು. ಅವರ ಮೊಮ್ಮಗ ದುಬೈಯಿಂದ ಹೈದರಾಬಾದಿಗೆ ಬಂದಿಳಿದು, ಅಲ್ಲಿಂದ ಮೋಟಾರಿನಲ್ಲಿ ಬಂದಾಗ ದೀಪ ಹಚ್ಚುವ ಹೊತ್ತು. ಕಡಲು ದಾಟಲು ಹಿಡಿದುದಕ್ಕಿಂತ ಹೈದರಾಬಾದಿನಿಂದ ಮನೆಯ ಬಾಗಿಲಿಗೆ ಹೆಚ್ಚು ಹೊತ್ತು ಹಿಡಿಯಿತಂತೆ. ಆ ಹುಡುಗ ಅಂಗಳದಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತುಬಿಟ್ಟ. ಅವನನ್ನು ಏನೆಂದು ಸಮಾಧಾನಪಡಿಸುವುದು?

ವಿಮಾನಗಳು ಬರಲಿ, ಬೇಡವೆನ್ನುವವರು ನಾವಲ್ಲ. ಬೆಂಗಳೂರಿನಲ್ಲಿರುವ ಬಂಧುಗಳಿಗೆ ಅವುಗಳಿಂದ ಅನುಕೂಲವಾದೀತು. ಆದರೆ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತೆಂಬುದನ್ನು ಪ್ರತಿಯೊಂದು ಮನೆಯವರೂ ನೆಮ್ಮದಿಯ ದಿನವೇ ಕುಳಿತು ಲೆಕ್ಕ ಹಾಕಿಡುವುದೊಳ್ಳೆಯದು. ಹಗಲಿನ ಗಾಡಿ ಯಾವುದು, ರಾತ್ರಿಯದು ಯಾವುದು. ಅದು ದೌಂಡ ನಿಲ್ದಾಣಕ್ಕೇ ಬರುವುದೋ, ಹೊಸ ಕಾರ್ಡ್ ಲೈನಿನಲ್ಲಿ ನಿಲ್ಲುವುದೋ. ಅಲ್ಲಿ ಇಳಿದಾಗ ಎದುರುಗೊಳ್ಳುವವರು ಯಾರು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪಂಚಾಂಗದ ಪಕ್ಕದಲ್ಲಿ ಅಂಟಿಸಿಡಿ. ಕರೆ ಬಂದ ಗಳಿಗೆಯಲ್ಲಿ ಕೈ ನಡುಗುತ್ತಿರುತ್ತದೆ. ಆಗ ಹುಡುಕುತ್ತ ಕೂರುವುದಾಗದು.