ಹೃದಯಕ್ಕೆ ಅರವತ್ತೇ ಫಸ್ಟ್ ಕ್ಲಾಸ್

ಹುಮನಾಬಾದ್ ಸೀಮೆಯ ನಮ್ಮ ಕೊಡಂಬಲದಲ್ಲಿ ಪರೀಕ್ಷೆ ಎಂದರೆ ಹತ್ತನೇ ತರಗತಿಯದು. ಪ್ರಶ್ನೆ ಒಂದೇ, ನೂರಕ್ಕೆ ಎಷ್ಟು? ಇದೇ ಊರಿನ ನನ್ನ ಸೋದರತ್ತೆ ಇಳಿವಯಸ್ಸಿನಲ್ಲಿ ಬೇರೊಂದು ಪರೀಕ್ಷೆ ಎದುರಿಸಬೇಕಾಯಿತು. ಅವರಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆಗಿತ್ತು. ಮುಂದೆ ಕೊಡಬೇಕಿದ್ದ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರ ಜೊತೆಗೆ ಹೃದಯದ ಸ್ನಾಯುವನ್ನೂ ಕೆಡಿಸಬಲ್ಲದು. ಹಾಗಾಗಿ ಮೊದಲು ಹೃದಯದ ಬಲವನ್ನು ಅಳೆಯಬೇಕು ಎಂದರು ಬೆಂಗಳೂರಿನ ವೈದ್ಯರು. ಅದರ ಹೆಸರು ಮುಗಾ ಸ್ಕ್ಯಾನ್.

ಅದೇನೆಂದು ಅತ್ತೆಗೆ ತಿಳಿಹೇಳುವ ಕೆಲಸ ನನ್ನ ಪಾಲಿಗೆ ಬಂತು. ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತು ರಕ್ತದ ಕೆಂಪು ಕಣಗಳಿಗೆ ಅಂಟಿಕೊಳ್ಳುವಂತೆ ಮಾಡುತ್ತಾರೆ. ಟೆಕ್ನೀಷಿಯಂ ಮೊದಲು ಪತ್ತೆಯಾದದ್ದು 1937ರಲ್ಲಿ, ಇಟಲಿಯಲ್ಲಿ. ಮನುಷ್ಯ ಕೃತಕವಾಗಿ ತಯಾರಿಸಿದ ಮೊದಲ ಮೂಲವಸ್ತು ಅದು. ರಕ್ತದಿಂದ ಹೊಮ್ಮುವ ಗಾಮಾ ಕಿರಣಗಳನ್ನು ಎದೆಯ ಮೇಲಿನ ಕ್ಯಾಮೆರಾ ಎಣಿಸುತ್ತದೆ. ಇಸಿಜಿಯ ತಾಳಕ್ಕೆ ಹೊಂದಿಸಿ ನೂರಾರು ಬಡಿತಗಳ ಎಣಿಕೆಯನ್ನು ಒಟ್ಟುಗೂಡಿಸುತ್ತಾರೆ. ಹೃದಯದ ಎಡಗಡೆಯ ಕೆಳಕೋಣೆ ತುಂಬಿದಾಗ ಎಣಿಕೆ 1000, ಹಿಂಡಿಕೊಂಡಾಗ 400 ಎನ್ನೋಣ. 600 ಪಾಲು ಹೊರಗೆ ಹೋಯಿತು, ಅಂದರೆ ಶೇಕಡಾ 60. ಟೆಕ್ನೀಷಿಯಂ ಪ್ರತಿ ಆರು ಗಂಟೆಗೆ ಅರ್ಧಕ್ಕೆ ಇಳಿಯುವುದರಿಂದ ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಫಲಿತಾಂಶ ಬಂತು: 62. ಅತ್ತೆಯ ಮುಖ ಬಾಡಿತು. ‘ಅರವತ್ತೆರಡೇ? ಉಳಿದ ಮೂವತ್ತೆಂಟು ಎಲ್ಲಿ ಹೋದವು?’

ಎಲ್ಲಿಗೂ ಹೋಗಿರಲಿಲ್ಲ. ಹೃದಯ ಯಾವ ಬಡಿತದಲ್ಲೂ ಪೂರ್ತಿ ಬರಿದಾಗುವುದಿಲ್ಲ. ಆರೋಗ್ಯವಂತರಲ್ಲೂ ಈ ಸಂಖ್ಯೆ ಸುಮಾರು 50ರಿಂದ 70. ನೂರಕ್ಕೆ ನೂರು ಪಡೆದ ಹೃದಯ ಯಾರ ಎದೆಯಲ್ಲೂ ಇಲ್ಲ.

ಚಿಕಿತ್ಸೆಯ ನಡುವೆ ಮತ್ತೆ ಅಳೆದರು: 59. ಅದನ್ನು ವೈದ್ಯರು ಪಕ್ಕದ ಹಾಸಿಗೆಯವರ ಅಂಕದೊಂದಿಗೆ ಹೋಲಿಸಲಿಲ್ಲ. ಅತ್ತೆಯದೇ ಹಿಂದಿನ 62ರೊಂದಿಗೆ ಹೋಲಿಸಿದರು. ಹತ್ತು ಅಂಕಕ್ಕೂ ಹೆಚ್ಚು ಕುಸಿದು 50ರ ಕೆಳಗೆ ಇಳಿದಿದ್ದರೆ ಆ ಔಷಧಿಯನ್ನೇ ಕೈಬಿಡುವ ಯೋಚನೆ ಮಾಡಬೇಕಿತ್ತು. ಹಾಗಾಗಲಿಲ್ಲ, ಚಿಕಿತ್ಸೆ ಮುಂದುವರಿಯಿತು. ಇಂದು ಈ ಕೆಲಸವನ್ನು ಹೆಚ್ಚಾಗಿ ಶಬ್ದದ ಅಲೆಗಳಿಂದ ನೋಡುವ ಎಕೋ ಪರೀಕ್ಷೆ ಮಾಡುತ್ತದೆ. ಹೋಲಿಕೆಯ ನಿಯಮ ಮಾತ್ರ ಅದೇ.

ಮಗನ ಅಂಕಪಟ್ಟಿ ಕೈಗೆ ಬಂದಾಗ ಪಕ್ಕದ ಮನೆಯ ಹುಡುಗನ ಹೆಸರೆತ್ತುವ ತಂದೆತಾಯಂದಿರು ಈ ಲೆಕ್ಕವನ್ನು ಒಮ್ಮೆ ನೋಡಬಹುದು. ಹೋದ ಸಲ ಅವನದೇ ಅಂಕ ಎಷ್ಟಿತ್ತು? ಇಳಿದಿದ್ದರೆ, ಕಾರಣವೇನು? ವೈದ್ಯರು ಕೇಳುವುದು ಇವೆರಡೇ ಪ್ರಶ್ನೆ.